ಶಿಷ್ಯ ಆಕಾಶದಲ್ಲಿ, ಗುರು ನೆಲದ ಮೇಲೆ

ಅಮೆರಿಕದ ಸಣ್ಣದೊಂದು ವಿಮಾನನಿಲ್ದಾಣ. ಪುಟ್ಟ ವಿಮಾನವೊಂದರಲ್ಲಿ ಹದಿನಾರು ತುಂಬಿದ ಹುಡುಗ ಕುಳಿತಿದ್ದಾನೆ. ಇದುವರೆಗೆ ಪಕ್ಕದಲ್ಲಿದ್ದ ಬೋಧಕರು, "ಇನ್ನು ನೀನೊಬ್ಬನೇ ಹಾರು" ಎಂದು ಹೇಳಿ ಕೆಳಗಿಳಿಯುತ್ತಾರೆ. ವಿಮಾನ ಮೇಲೇರುತ್ತದೆ. ಅದು ಯಾರದೋ ಮನೆಯ ಛಾವಣಿಯ ಮೇಲೆ ಬಿದ್ದರೆ ಕಾನೂನು ಯಾರನ್ನು ಹಿಡಿಯುತ್ತದೆ?

ಒಬ್ಬನೇ ಹಾರುವ ವಿದ್ಯಾರ್ಥಿಯೇ ಆ ವಿಮಾನದ ಅಧಿಪತಿ, ಅದರ ನೇರ ಹೊಣೆಗಾರನೂ ಅವನೇ ಎನ್ನುತ್ತವೆ ಆ ದೇಶದ ನಿಯಮಗಳು. ಆದರೆ ಬೋಧಕರ ಸಹಿಯಿಲ್ಲದೆ ಅವನು ನೆಲ ಬಿಡುವಂತಿಲ್ಲ. ಗುರುವಿನ ಹೊಣೆ ಆ ಸಹಿಯಲ್ಲಿ ಅಡಗಿದೆ.

ಸಹಿಗೆ ಮುನ್ನ ಏರುವುದು, ಇಳಿಯುವುದು, ಇಳಿಯಲಾಗದಿದ್ದರೆ ಮತ್ತೆ ಮೇಲೇಳುವುದು, ಎಂಜಿನ್ ಕೆಟ್ಟರೆ ಮಾಡಬೇಕಾದುದು, ಇವೆಲ್ಲವನ್ನೂ ಕಲಿಸಿರಬೇಕು. ಲಿಖಿತ ಪರೀಕ್ಷೆ ನಡೆಸಿ, ತಪ್ಪಾದ ಪ್ರತಿಯೊಂದು ಉತ್ತರವನ್ನೂ ಶಿಷ್ಯನಿಗೆ ವಿವರಿಸಬೇಕು. ಇಷ್ಟಾದರೂ ಆ ಸಹಿಯ ಆಯುಷ್ಯ 90 ದಿನ ಮಾತ್ರ. ಅದರ ದಾಖಲೆಯನ್ನು ಬೋಧಕರು 3 ವರ್ಷ ಕಾಪಾಡಿಡಬೇಕು.

ಶಿಷ್ಯ ತಪ್ಪಿದನೆಂಬ ಮಾತ್ರಕ್ಕೆ ಗುರು ಹೊಣೆಗಾರರಾಗರು. ನ್ಯಾಯಾಲಯ ಕೇಳುವ ಪ್ರಶ್ನೆಯೇ ಬೇರೆ: ಎಚ್ಚರವುಳ್ಳ ಬೋಧಕರಾರಾದರೂ ಅಂದಿನ ಗಾಳಿಯಲ್ಲಿ, ಅಷ್ಟೇ ಅಭ್ಯಾಸವಾಗಿದ್ದ ಹುಡುಗನನ್ನು ಒಬ್ಬನೇ ಕಳುಹಿಸುತ್ತಿದ್ದರೇ? ಅಡ್ಡಗಾಳಿ ಕಂಡೂ ಕಳುಹಿಸಿದ್ದರೆ, ಕಲಿಸದ ಪಾಠವನ್ನು ಕಲಿಸಿದೆನೆಂದು ಬರೆದಿದ್ದರೆ, ಪರಿಹಾರದ ಹೊರೆ ಅವರ ತಲೆಯ ಮೇಲೂ ಬೀಳಬಹುದು. ವಿಮಾನದ ಮಾಲೀಕರು ಮಾಡಿಸಿದ ವಿಮೆ ಬೋಧಕರನ್ನು ಕಾಯದೆಯೂ ಹೋಗಬಹುದು.

ಹಾಗೆಂದು ಬೋಧನೆ ಸಾಲದಾಯಿತೆಂಬ ದೂರೆಲ್ಲ ಗೆಲ್ಲುವುದಿಲ್ಲ. 2003ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ, ಲೈಸೆನ್ಸು ಪಡೆದಿದ್ದ ಚಾಲಕನೊಬ್ಬನ ವಿಮಾನ ಬಿದ್ದು ಇಬ್ಬರು ಸತ್ತರು. ಹೊಸ ವಿಮಾನದ ತರಬೇತಿಯಲ್ಲಿ ಒಂದು ಪಾಠ ಬಿಟ್ಟುಹೋಗಿತ್ತೆಂಬ ವಾದವನ್ನು ಕೇಳಿದ ಜ್ಯೂರಿಯು ವಿಮಾನದ ತಯಾರಕರನ್ನೂ ತರಬೇತಿ ಸಂಸ್ಥೆಯನ್ನೂ ಹೊಣೆಮಾಡಿತು. ಆ ತೀರ್ಪು ಮೇಲ್ಮನವಿಯಲ್ಲಿ ಬಿದ್ದುಹೋಯಿತು. ತಯಾರಕರು ಎಚ್ಚರಿಕೆ ಕೊಡಬೇಕೆಂಬ ಕರ್ತವ್ಯದಲ್ಲಿ ಹಾರಾಟ ಕಲಿಸುವುದು ಸೇರಿಲ್ಲವೆಂದು 2012ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಹೇಳಿತು.

ಕಾನೂನು ಗುರುವಿನಿಂದ ಪವಾಡವನ್ನು ಬೇಡುವುದಿಲ್ಲ, ಶ್ರದ್ಧೆಯನ್ನು ಬೇಡುತ್ತದೆ. "ಇಂದು ಗಾಳಿ ಸರಿಯಿಲ್ಲ, ನಾಳೆ ನೋಡೋಣ" ಎಂದ ಗುರುವನ್ನು ಶಿಷ್ಯ ಮನಸ್ಸಿನಲ್ಲೇ ಶಪಿಸಬಹುದು. ಅವನ ತಾಯಿ ಮಾತ್ರ ಶಪಿಸಲಾರಳು.