ಬೀಗದ ಕೈ ಕೈದಿಯ ಕೈಲಿ

ಬ್ರೆಜಿಲ್ ದೇಶದ ಮಿನಾಸ್ ಜೆರಾಯಿಸ್ ರಾಜ್ಯದಲ್ಲಿ ಇಟಾವುನಾ ಎಂಬ ಪಟ್ಟಣವಿದೆ. ಅಲ್ಲಿನ ಜೈಲಿಗೆ ಹೋದರೆ ಬಾಗಿಲು ತೆಗೆಯುವವನು ಪೊಲೀಸನಲ್ಲ, ಶಿಕ್ಷೆ ಅನುಭವಿಸುತ್ತಿರುವ ಕೈದಿಯೇ. ಬೀಗದ ಕೈ ಇರುವುದು ಅವನ ಬಳಿಯೇ. ಒಳಗೆ ಬಂದೂಕಿಲ್ಲ, ಜೈಲಿನ ಸಮವಸ್ತ್ರವಿಲ್ಲ. ಎಲ್ಲರೂ ಮನೆಯ ಬಟ್ಟೆಯಲ್ಲೇ ಇರುತ್ತಾರೆ, ಎದೆಯ ಮೇಲೆ ಹೆಸರಿನ ಬಿಲ್ಲೆ. ಅಡುಗೆ ಮಾಡುವವರೂ ಕೈದಿಗಳೇ. ಅವರ ಕೈಗೆ ಚಾಕು ಕೊಡಲು ಯಾರೂ ಅಂಜುವುದಿಲ್ಲ. ಅವರಲ್ಲಿ ಕೊಲೆ ಮಾಡಿ ಬಂದವರೂ ಇರಬಹುದು. ‘ಇಲ್ಲಿ ಒಳಗೆ ಬರುವವನು ಮನುಷ್ಯ, ಅಪರಾಧ ಹೊರಗೇ ಉಳಿಯುತ್ತದೆ’ ಎಂಬುದು ಇಂಥ ಜೈಲುಗಳ ಗೋಡೆಬರಹ.

ಇವುಗಳ ಹೆಸರು ಅಪಾಕ್. 1972ರಲ್ಲಿ ಸಾವೊ ಜೋಸೆ ದೋಸ್ ಕಾಂಪೋಸ್ ನಗರದ ವಕೀಲ ಮಾರಿಯೊ ಒಟ್ಟೊಬೊನಿ, ಜೊತೆಗೊಂದಿಷ್ಟು ಕ್ಯಾಥೊಲಿಕ್ ಗೆಳೆಯರನ್ನು ಕಟ್ಟಿಕೊಂಡು ಊರಿನ ಹುಮೈತಾ ಜೈಲಿಗೆ ಹೋಗಿಬರತೊಡಗಿದರು. ಮೊದಮೊದಲು ಪ್ರಾರ್ಥನೆ, ಸಾಂತ್ವನದ ಮಾತು, ಅಷ್ಟೆ. ಇಷ್ಟರಿಂದ ಏನೂ ಆಗದು ಎಂದು ಅವರಿಗೆ ಬೇಗನೇ ತಿಳಿಯಿತು. 1974ರಲ್ಲಿ ಕೂಟ ಕಾನೂನುಬದ್ಧ ಸಂಸ್ಥೆಯಾಯಿತು; ಜೈಲಿನ ಆಡಳಿತದ ಹೊಣೆಯನ್ನೇ ಹೊರುವ ಮಟ್ಟಕ್ಕೆ ಬೆಳೆಯಿತು. ಈ ಕೆಲಸಕ್ಕೆ ಜೀವ ತೆತ್ತವರೂ ಇದ್ದಾರೆ. ಒಟ್ಟೊಬೊನಿಯವರ ಜೊತೆಗಾರ, ಯುವ ವಕೀಲ ಫ್ರಾನ್ಜ್ ಡಿ ಕಾಸ್ಟ್ರೊ 1981ರ ಫೆಬ್ರುವರಿಯಲ್ಲಿ ಪಕ್ಕದ ಜಕಾರೆಯಿ ಜೈಲಿನ ದಂಗೆ ಶಮನ ಮಾಡಲು ಹೋದರು. ಒತ್ತೆಯಲ್ಲಿದ್ದ ಪೊಲೀಸನನ್ನು ಬಿಡಿಸಿ ತಾವೇ ಒತ್ತೆಯಾದರು. ಗುಂಡಿನ ಸುರಿಮಳೆಯಲ್ಲಿ ಸತ್ತರು.

ಅಪಾಕ್ ಎಂದರೆ ಭಜನಾಮಂಡಳಿ ಎಂದುಕೊಂಡವರು ಅಲ್ಲಿನ ದಿನಚರಿಯನ್ನು ನೋಡಬೇಕು. ಬೆಳಗಿನಿಂದ ರಾತ್ರಿಯವರೆಗೆ ಸುಮ್ಮನೆ ಕೂರುವ ಹಾಗಿಲ್ಲ. ಮೊದಲ ಹಂತದಲ್ಲಿರುವವರಿಗೆ ಕರಕುಶಲ ಕೆಲಸ. ಕೈ ಪಳಗುವುದಕ್ಕಿಂತ ಮನಸ್ಸು ನಿಲ್ಲಲಿ ಎಂಬುದು ಅದರ ಉದ್ದೇಶ. ಎರಡನೆಯ ಹಂತದಲ್ಲಿ ಬೇಕರಿ, ಮರಗೆಲಸದಂಥ ಹೊಟ್ಟೆಪಾಡಿನ ಕಸುಬು. ಮೂರನೆಯ ಹಂತದವರು ಹಗಲು ಊರಲ್ಲಿ ದುಡಿದು ರಾತ್ರಿ ಮರಳುತ್ತಾರೆ. ಸ್ವಚ್ಛತೆ, ಶಿಸ್ತುಗಳ ಉಸ್ತುವಾರಿಗೆ ಕೈದಿಗಳದೇ ಮಂಡಳಿ. ಒಂದೆಡೆ ಇನ್ನೂರಕ್ಕಿಂತ ಹೆಚ್ಚು ಜನ ಇರಬಾರದೆಂಬುದು ಇವರ ನಿಯಮ. ಮನೆಯವರು ಅದೇ ಸೀಮೆಯಲ್ಲಿರುವ ಕೈದಿಗಳನ್ನೇ ಸೇರಿಸಿಕೊಳ್ಳುತ್ತಾರೆ, ಹೆಂಡತಿ ಮಕ್ಕಳು ಬಂದುಹೋಗಲು ಅನುಕೂಲವಾಗಲೆಂದು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಏರ್ಪಾಡು. ಮಗುವಿನ ದೀಕ್ಷಾಸ್ನಾನಕ್ಕೆ ಹಿರಿಯರಾಗಿ ನಿಲ್ಲುವ ಹಾಗೆ, ಊರಿನ ದಂಪತಿಗಳು ಕೈದಿಗಳಿಗೆ ತಂದೆತಾಯಿಯ ಸ್ಥಾನದಲ್ಲಿ ನಿಲ್ಲುತ್ತಾರೆ. ಹೆತ್ತವರ ಮೇಲಿನ ಸಿಟ್ಟು ಎಷ್ಟೋ ಅಪರಾಧಗಳ ಬೇರಿನಲ್ಲಿರುತ್ತದೆ ಎಂದು ಒಟ್ಟೊಬೊನಿ ನಂಬಿದ್ದರು.

ಬೀಗದ ಕೈ ಇದ್ದೂ ಓಡಿಹೋಗುವುದಿಲ್ಲವೇಕೆ? ನಂಬಿಕೆ ಎಂಬ ಉತ್ತರ ಅರ್ಧ ಸತ್ಯ. ತಪ್ಪಿದವನನ್ನು ಮತ್ತೆ ಸಾಮಾನ್ಯ ಜೈಲಿಗೆ ಅಟ್ಟುತ್ತಾರೆ. ಬ್ರೆಜಿಲ್‌ನಲ್ಲಿ ಅದರ ಅರ್ಥವೇನು ಎಂಬುದು ಕೈದಿಗಳಿಗೆ ಗೊತ್ತು. 1992ರಲ್ಲಿ ಸಾವೊ ಪಾಲೊದ ಕರಾಂದಿರು ಜೈಲಿಗೆ ನುಗ್ಗಿದ ಪೊಲೀಸರ ಕೈಯಲ್ಲಿ 111 ಕೈದಿಗಳು ಸತ್ತರು. 2017ರ ಜನವರಿಯಲ್ಲಿ ಮನೌಸ್‌ನ ಜೈಲಲ್ಲಿ ಗ್ಯಾಂಗುಗಳ ಕಾಳಗಕ್ಕೆ 56 ಮಂದಿ ಬಲಿಯಾದರು. ಇದಕ್ಕೆ ಹೆದರಿ ಒಳ್ಳೆಯವನಾದರೂ ಒಳ್ಳೆಯದೇ ಅನ್ನಿ.

ಹೊರಬಂದವರಲ್ಲಿ ಮತ್ತೆ ತಪ್ಪು ಮಾಡುವವರು ಬಹಳ ಕಡಿಮೆ ಎಂದು ಸಂಸ್ಥೆ ಹೇಳುತ್ತದೆ. ದೇಶದ ಉಳಿದ ಜೈಲುಗಳಲ್ಲಿ ಆ ಪ್ರಮಾಣ ಶೇ 70, 80 ಎಂಬ ಮಾತನ್ನು ಅದರ ಪಕ್ಕಕ್ಕೆ ಇಡುವುದುಂಟು. ಆದರೆ ಬ್ರೆಜಿಲ್ ಸರ್ಕಾರದ ಸಂಶೋಧನಾ ಸಂಸ್ಥೆ ಇಪೆಯಾ 2015ರಲ್ಲಿ, ಎರಡನೆಯ ಸಲ ಶಿಕ್ಷೆಯಾದವರನ್ನಷ್ಟೇ ಎಣಿಸಿದಾಗ ಸಿಕ್ಕಿದ್ದು ಶೇ 24.4. ಅಪಾಕ್‌ಗೆ ಹೋಗುವವರು ತಾವಾಗಿ ಕೇಳಿಕೊಂಡು, ನ್ಯಾಯಾಧೀಶರ ಒಪ್ಪಿಗೆ ಪಡೆದವರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ದೇವರ ವಿಷಯ. ಮತಾಂತರಕ್ಕೆ ಒತ್ತಾಯವಿಲ್ಲ, ನಿಜ. ಆದರೆ ದಿನವೂ ಪ್ರಾರ್ಥನೆ ಇದೆ; ವರ್ಷಕ್ಕೊಮ್ಮೆ ಕ್ರಿಸ್ತನ ಹೆಸರಿನಲ್ಲಿ ನಾಲ್ಕು ದಿನದ ಶಿಬಿರವಿದೆ. ನಾಸ್ತಿಕನಿಗೋ ಆಫ್ರಿಕಾ ಮೂಲದ ಕಂದೊಂಬ್ಲೆ ದೈವಗಳನ್ನು ಪೂಜಿಸುವವನಿಗೋ ಬೇಡವೆನ್ನುವ ಧೈರ್ಯ ಎಲ್ಲಿಂದ ಬರಬೇಕು? ಅಮೆರಿಕದ ಅಯೊವಾ ರಾಜ್ಯದ ಒಂದು ಜೈಲಿನಲ್ಲಿ ಕ್ರೈಸ್ತ ಸಂಸ್ಥೆಯೊಂದು ಇಂಥದೇ ವಿಭಾಗ ನಡೆಸುತ್ತಿತ್ತು. ಸೇರಿದವರಿಗೆ ಹೆಚ್ಚಿನ ಅನುಕೂಲಗಳಿದ್ದವು, ಖರ್ಚಿನ ಒಂದು ಪಾಲು ಸರ್ಕಾರದ್ದು. ಅದು ಸಂವಿಧಾನಕ್ಕೆ ವಿರುದ್ಧವೆಂದು 2006ರಲ್ಲಿ ಅಲ್ಲಿನ ಕೋರ್ಟು ಹೇಳಿತು. ಮರುವರ್ಷ ಮೇಲಿನ ಕೋರ್ಟೂ ಆ ಮಾತನ್ನು ಎತ್ತಿಹಿಡಿಯಿತು.

ನಮ್ಮವರಿಗೆ ದೆಹಲಿಯ ತಿಹಾರ್ ಜೈಲು ನೆನಪಾಗಬಹುದು. 1994ರಲ್ಲಿ ಕಿರಣ್ ಬೇಡಿಯವರು ಆ ಜೈಲಿನ ಮುಖ್ಯಸ್ಥರಾಗಿದ್ದಾಗ ಧ್ಯಾನಗುರು ಗೋಯೆಂಕಾ ಅವರು ಅಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ವಿಪಶ್ಯನ ಶಿಬಿರ ನಡೆಸಿದ್ದರು. ಶಿಬಿರ ಹತ್ತು ದಿನದ್ದು, ಮುಗಿದ ಮೇಲೆ ಅದೇ ಬ್ಯಾರಕ್ಕು. ಅಪಾಕ್ ಬದಲಿಸಿದ್ದು ಬ್ಯಾರಕ್ಕನ್ನು, ಅದರ ಹೆಚ್ಚುಗಾರಿಕೆ ಇರುವುದು ಅಲ್ಲಿ. ಹೆಸರು ಹಿಡಿದು ಕರೆಯುವುದು, ಕಸುಬು, ಮನೆಯವರ ಹತ್ತಿರ ಇರುವುದು, ಇವು ಪ್ರಾರ್ಥನೆ ಮಾಡದವನಿಗೂ ಸಿಗಬೇಕಾದವು ಎಂದು ನನ್ನ ಅಭಿಪ್ರಾಯ.

2004ರಲ್ಲಿ ಮಿನಾಸ್ ಜೆರಾಯಿಸ್ ಕಾನೂನು ಮಾಡಿ ಅಪಾಕ್‌ಗಳೊಡನೆ ಸರ್ಕಾರ ಒಪ್ಪಂದ ಮಾಡಿಕೊಳ್ಳಲು ದಾರಿ ತೆರೆಯಿತು. ಈಗ ಹೆಂಗಸರ ಜೈಲುಗಳೂ ಸೇರಿ ಇಂಥ ಕೇಂದ್ರಗಳು ಅರವತ್ತಕ್ಕೂ ಹೆಚ್ಚು. ಅಲ್ಲಿರುವ ಕೈದಿಗಳು ಕೆಲವು ಸಾವಿರ. ಇಡೀ ಬ್ರೆಜಿಲ್‌ನ ಜೈಲುಗಳಲ್ಲಿ ಇರುವವರು ಆರು ಲಕ್ಷಕ್ಕೂ ಮೇಲೆ.