ಮುಚ್ಚಳ ತೆಗೆಯದೆ ಒಳಗಿನ ಸುದ್ದಿ: ಏನಿದು ಸಾಫ್ಟ್ ಸೆನ್ಸರ್?

ಇವತ್ತು ಅಡುಗೆಮನೆಯಿಂದ ಶುರು ಮಾಡ್ತೀನಿ.

ಅನ್ನ ಬೆಂದಿದೆಯಾ ಅಂತ ನಮ್ಮಮ್ಮ ಕುಕ್ಕರ್ ಮುಚ್ಚಳ ತೆಗೆದು ನೋಡಲ್ಲ. ಮೂರು ಕೂಗು ಕೇಳಿಸಿದ್ರೆ ಒಲೆ ಆರಿಸ್ತಾರೆ, ಅಷ್ಟೇ. ಗೊತ್ತಾಗಬೇಕಿರೋದು ಅನ್ನದ ಹದ, ಆದ್ರೆ ಕಿವಿಗೆ ಸಿಗೋದು ಬರೀ ಕೂಗು. ಎರಡಕ್ಕೂ ಇರೋ ನಂಟು ಅವರಿಗೆ ಅನುಭವದಿಂದ ಗೊತ್ತು.

ಸಾಫ್ಟ್ ಸೆನ್ಸರ್ ಅಂದ್ರೂ ಇದೇ. ನೇರವಾಗಿ ಅಳೆಯೋಕೆ ಕಷ್ಟವಾದದ್ದನ್ನ, ಸುಲಭವಾಗಿ ಅಳೆಯಬಹುದಾದ ಸಂಗತಿಗಳಿಂದ ಲೆಕ್ಕ ಹಾಕಿ ಹೇಳೋ ಸಾಫ್ಟ್‌ವೇರ್. ನಿಮ್ಮ ಫೋನ್‌ನಲ್ಲಿ ಕ್ಯಾಲೊರಿ ಅಳೆಯೋ ಸೆನ್ಸರ್ ಇಲ್ಲ. ಹೆಜ್ಜೆ, ತೂಕ, ವಯಸ್ಸು ಸೇರಿಸಿ ಆ್ಯಪ್ ಅಂದಾಜು ಹೇಳುತ್ತೆ, ಅಲ್ವಾ? ಹಾಗೆ.

ಸರಿ, ಔಷಧ ಕಾರ್ಖಾನೆಗೆ ಇದು ಯಾಕೆ ಬೇಕು?

ಸ್ತನ ಕ್ಯಾನ್ಸರ್‌ಗೆ ಕೊಡೋ ಟ್ರಾಸ್ಟುಜುಮಾಬ್ ಥರದ ಔಷಧಿಗಳನ್ನ ಮಾಮೂಲಿ ಮಾತ್ರೆಯ ಹಾಗೆ ರಾಸಾಯನಿಕ ಬೆರೆಸಿ ಮಾಡೋಕಾಗಲ್ಲ. ಜೀವಂತ ಕೋಶಗಳೇ ತಯಾರಿಸಬೇಕು. ಇಲಿಯ ಹಾಗಿರೋ ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ 1950ರ ದಶಕದಲ್ಲಿ ತೆಗೆದ ಕೋಶಗಳ ಸಂತತಿ ಈ ಕೆಲಸಕ್ಕೆ ಇವತ್ತಿಗೂ ದುಡೀತಿದೆ. ಬಯೋರಿಯಾಕ್ಟರ್ ಅನ್ನೋ ದೊಡ್ಡ ಟ್ಯಾಂಕ್‌ನಲ್ಲಿ, ಸುಮಾರು 37 ಡಿಗ್ರಿ ಬಿಸಿಯಲ್ಲಿ, ಎರಡು ವಾರದ ಆಸುಪಾಸು ಇವನ್ನ ಸಾಕ್ತಾರೆ.

ಟ್ಯಾಂಕ್‌ನ ಬಿಸಿ, ಆಮ್ಲಜನಕ, ಪಿಎಚ್ ಅಳೆಯೋಕೆ ಮೀಟರ್ ಇದೆ. ಆದ್ರೆ ಕೋಶಗಳ ಊಟವಾದ ಗ್ಲೂಕೋಸ್ ಎಷ್ಟು ಉಳಿದಿದೆ? ಔಷಧಿ ಎಷ್ಟು ತಯಾರಾಗಿದೆ? ಇದಕ್ಕೆ ಸಾಮಾನ್ಯವಾಗಿ ದಿನಕ್ಕೆ ಒಂದೋ ಎರಡೋ ಸಲ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸ್ತಾರೆ. ನಡುವೆ ಗ್ಲೂಕೋಸ್ ಖಾಲಿಯಾದ್ರೆ ಕೋಶಗಳು ಹಸಿದು ಸಾಯ್ತವೆ. ಜಾಸ್ತಿ ಸುರಿದ್ರೆ ಲ್ಯಾಕ್ಟೇಟ್ ತುಂಬಿ ಬೆಳವಣಿಗೆ ಕುಂಠಿತವಾಗಬಹುದು. ಪದೇ ಪದೇ ಸ್ಯಾಂಪಲ್ ತೆಗೆಯೋಣ ಅಂದ್ರೆ, ಪ್ರತಿ ಸಲವೂ ಹೊರಗಿನ ಸೋಂಕು ಒಳಗೆ ಹೋಗೋ ಭಯ. ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ದುಪ್ಪಟ್ಟಾಗಬಲ್ಲವು. ಈ ಕೋಶಗಳಿಗೆ ಅದಕ್ಕೆ ಸುಮಾರು ಒಂದು ದಿನ ಬೇಕು. ಸೋಂಕು ತಗುಲಿದ್ರೆ ಇಡೀ ಬ್ಯಾಚ್ ಚೆಲ್ಲಬೇಕು.

ಇಲ್ಲಿ ನೆರವಿಗೆ ಬರೋದು ನಮಗೆಲ್ಲ ಗೊತ್ತಿರೋ ಒಂದು ಹೆಸರು: ಸಿ.ವಿ. ರಾಮನ್. 1928ರಲ್ಲಿ ಕೋಲ್ಕತ್ತದಲ್ಲಿ ಅವರು ಕಂಡುಹಿಡಿದದ್ದು, ಬೆಳಕು ಅಣುಗಳಿಗೆ ತಾಗಿ ಚದುರಿದಾಗ ಅದರ ಒಂದು ಚೂರು ಬಣ್ಣ ಬದಲಿಸಿಕೊಂಡು ಬರುತ್ತೆ ಅಂತ. ಆ ಬದಲಾವಣೆ ಒಂದೊಂದು ಅಣುವಿಗೆ ಒಂದೊಂದು ರೀತಿ. ಈಗ ಟ್ಯಾಂಕ್‌ ಒಳಗೆ ಲೇಸರ್ ಬಿಟ್ಟು, ವಾಪಸ್ ಬರೋ ಬೆಳಕನ್ನ ಕೆಲವು ನಿಮಿಷಕ್ಕೊಮ್ಮೆ ಓದ್ತಾರೆ. ಮುಚ್ಚಳ ತೆಗೆಯೋದೇ ಬೇಡ!

ಆದ್ರೆ ಒಳಗೆ ನೂರೆಂಟು ಪದಾರ್ಥ ಕಲಸಿಕೊಂಡಿರುತ್ತೆ. ಬಂದ ಬೆಳಕು 'ಗ್ಲೂಕೋಸ್ ಇಷ್ಟು' ಅಂತ ಹೇಳಲ್ಲ. ಹಳೆಯ ಬ್ಯಾಚ್‌ಗಳ ಬೆಳಕಿನ ದಾಖಲೆಯನ್ನೂ ಅದೇ ಹೊತ್ತಿನ ಲ್ಯಾಬ್ ರಿಪೋರ್ಟನ್ನೂ ಜೋಡಿಸಿ ಕಲಿತ ಸಾಫ್ಟ್‌ವೇರ್, ಲೀಟರಿಗೆ ಎಷ್ಟು ಗ್ರಾಂ ಅಂತ ಲೆಕ್ಕ ಕೊಡುತ್ತೆ. ಅದನ್ನ ನೋಡಿ ಪಂಪ್ ತಾನೇ ಊಟ ಹಾಕೋ ಹಾಗೂ ಮಾಡಬಹುದು.

ಅಪಾಯ ಇರೋದೂ ಇಲ್ಲೇ. ಅಮ್ಮ ಒಮ್ಮೆ ಹೊಸ ಅಕ್ಕಿ ತಂದು ಅದೇ ಮೂರು ಕೂಗು ಕೂಗಿಸಿದ್ರು, ಅನ್ನ ಮುದ್ದೆಯಾಯ್ತು. ಕೂಗು ಸುಳ್ಳು ಹೇಳಲಿಲ್ಲ, ಅಕ್ಕಿ ಬದಲಾಗಿತ್ತು. ಸಾಫ್ಟ್ ಸೆನ್ಸರ್ ಕೂಡ ಹಾಗೇ. ಕೋಶದ ತಳಿ ಬದಲಾದ್ರೆ, ಪೋಷಕ ದ್ರಾವಣ ಬದಲಾದ್ರೆ, ಲೇಸರ್ ಪ್ರೋಬ್ ಮೇಲೆ ಕೊಳೆ ಕೂತ್ರೆ, ಅದು ಅಷ್ಟೇ ಧೈರ್ಯವಾಗಿ ತಪ್ಪು ಸಂಖ್ಯೆ ತೋರಿಸಬಹುದು. ಆ ಸಂಖ್ಯೆ ನಂಬಿ ಪಂಪ್ ಓಡುತ್ತೆ.

ಅದಕ್ಕೇ ಲ್ಯಾಬ್ ಸ್ಯಾಂಪಲ್ ಪೂರ್ತಿ ನಿಲ್ಲಲ್ಲ. ಆಗಾಗ ಎರಡನ್ನೂ ಹೋಲಿಸಿ, ವ್ಯತ್ಯಾಸ ಬೆಳೀತಿದ್ರೆ ಸಾಫ್ಟ್‌ವೇರ್‌ಗೆ ಮತ್ತೆ ಪಾಠ ಹೇಳಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಒಂದು ಮಾರ್ಗಸೂಚಿ ಹೊರಡಿಸಿತ್ತು. ಅದರ ತಿರುಳು: ಗುಣಮಟ್ಟವನ್ನ ಕೊನೆಯಲ್ಲಿ ಪರೀಕ್ಷೆ ಮಾಡಿ ತರೋಕಾಗಲ್ಲ, ತಯಾರಿಸುವಾಗಲೇ ಅದು ಒಳಗಿರಬೇಕು. ಸಾಫ್ಟ್ ಸೆನ್ಸರ್ ಆ ದಾರಿಯ ಒಂದು ಸಾಧನ.

ಮುಂದಿನ ಸಲ ನಿಮ್ಮ ಫೋನ್ ಒಂದು ಸಂಖ್ಯೆ ತೋರಿಸಿದಾಗ ಕೇಳಿಕೊಳ್ಳಿ: ಇದು ಅಳೆದದ್ದೋ, ಅಂದಾಜೋ? ಅಂದಾಜಾದ್ರೆ, ಕೊನೆಯ ಸಲ ಯಾರು ಮುಚ್ಚಳ ತೆಗೆದು ನೋಡಿದ್ರು?