ಆಟದ ಕಟ್ಟಳೆಯನ್ನು ಓದುವ ಬಗೆ

ಚೌಕಾಬಾರ ಆಡಿದವರಿಗೆ ಒಂದು ಕಟ್ಟಳೆ ತಿಳಿದೇ ಇರುತ್ತದೆ: ಎದುರಾಳಿಯ ಕಾಯಿಯನ್ನು ಒಮ್ಮೆಯಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಸವದತ್ತಿಯಲ್ಲಾಗಲಿ ರಾಮದುರ್ಗದಲ್ಲಾಗಲಿ ಕವಡೆ ಚೆಲ್ಲಿ ಕುಳಿತವರು ಇದನ್ನು ಪುಸ್ತಕದಿಂದ ಕಲಿತವರಲ್ಲ. ಆದರೆ ಈ ಪುಟ್ಟ ವಾಕ್ಯವನ್ನು ತುಸು ಒತ್ತಿ ನೋಡಿದರೆ ಒಳಗೊಂದು ಗಂಟು ಕೈಗೆ ತಾಕುತ್ತದೆ. ಕಡಿದಿರಬೇಕಾದವನು ಆಟಗಾರನೋ, ಇಲ್ಲವೇ ಒಳಗೆ ಹೋಗಬೇಕೆಂದಿರುವ ಆ ಕಾಯಿಯೋ? ನಾಲ್ಕರಲ್ಲಿ ಒಂದು ಕಾಯಿ ಕಡಿದರೆ ಉಳಿದ ಮೂರಕ್ಕೂ ದಾರಿ ತೆರೆಯಿತೆಂಬುದು ಸಾಮಾನ್ಯ ರೂಢಿ. ಕಟ್ಟಳೆಯ ಮಾತಿನಲ್ಲಿ ಇದು ಇಲ್ಲ, ರೂಢಿಯೇ ತುಂಬಿಕೊಟ್ಟಿದೆ.

ಒಂದು ಕಾರ್ಯಕ್ಕೆ ಮೊದಲು ಪೂರೈಸಿರಬೇಕಾದ ಇಂಥ ನಿಬಂಧನೆಯನ್ನು 'ಪೂರ್ವಾರ್ಹತೆ' ಎಂದು ಕರೆಯೋಣ. ಇದರ ತರ್ಕವನ್ನು ಅರಿಯಲು ಪಾತ್ರಧಾರಣೆಯ ಆಟಗಳಷ್ಟು ಒಳ್ಳೆಯ ಪ್ರಯೋಗಶಾಲೆ ಮತ್ತೊಂದು ದೊರೆಯಲಾರದು. ಮೇಜಿನ ಸುತ್ತ ನಾಲ್ಕಾರು ಜನ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಸೂತ್ರಧಾರನೊಬ್ಬನು ನಡೆಸುವ ಕಥೆಯೊಳಗೆ ಸಂಚರಿಸುವುದೇ ಈ ಆಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಇದರ ಮೂಲಪುರುಷ. ಪ್ರತಿ ಪಾತ್ರಕ್ಕೂ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳುಂಟು. ಆರು ಮುಖದ ಮೂರು ದಾಳಗಳನ್ನು ಉರುಳಿಸಿ, ಬಂದ ಮೊತ್ತವನ್ನು ಗುಣದ ಅಂಕವಾಗಿ ಬರೆದುಕೊಳ್ಳುವುದು ಹಳೆಯ ಪದ್ಧತಿ. ಆದಕಾರಣ ಅಂಕವು 3ರಿಂದ 18ರವರೆಗೆ ಇರುತ್ತದೆ.

ಈಗ ಪೂರ್ವಾರ್ಹತೆ ಬರುತ್ತದೆ. ಈ ಆಟದ 2014ರ ಆವೃತ್ತಿಯಲ್ಲಿ, ಒಂದು ವೃತ್ತಿಯ ಪಾತ್ರವು ಮತ್ತೊಂದು ವೃತ್ತಿಯನ್ನೂ ಕೈಗೊಳ್ಳಬೇಕಾದರೆ ಕೆಲವು ಅಂಕಗಳನ್ನು ಮುಟ್ಟಿರಬೇಕು. ಯೋಧನಿಗೆ ಬಲ 13 ಅಥವಾ ಚುರುಕು 13; 'ಪ್ಯಾಲಡಿನ್' ಎಂಬ ವ್ರತಧಾರಿ ವೀರನಿಗೆ ಬಲ 13 ಮತ್ತು ವರ್ಚಸ್ಸು 13. ಒಂದೆಡೆ 'ಅಥವಾ', ಒಂದೆಡೆ 'ಮತ್ತು'. ಅವಸರದ ಓದುಗನು ಇವೆರಡರ ಮೇಲೆ ಕಣ್ಣು ಹಾಯಿಸಿಯೂ ನೋಡದೆ ಮುಂದಕ್ಕೆ ಸಾಗುತ್ತಾನೆ. ಅವುಗಳ ತೂಕವೆಷ್ಟೆಂಬುದನ್ನು ನಾವು ಲೆಕ್ಕ ಹಾಕಿಯೇ ನೋಡಬಹುದು.

ಮೂರು ದಾಳಗಳು ಬೀಳುವ ರೀತಿಗಳು ಒಟ್ಟು 6 × 6 × 6, ಅಂದರೆ 216. ಅವುಗಳಲ್ಲಿ ಮೊತ್ತ 13 ಬರುವ ರೀತಿಗಳು 21. ಹಾಗೆಯೇ 14ಕ್ಕೆ 15, 15ಕ್ಕೆ 10, 16ಕ್ಕೆ 6, 17ಕ್ಕೆ 3, 18ಕ್ಕೆ ಒಂದೇ ಒಂದು. ಕೂಡಿದರೆ 56. ಎಂದರೆ ಒಂದು ಗುಣದಲ್ಲಿ 13 ಅಥವಾ ಅದಕ್ಕೂ ಹೆಚ್ಚು ಪಡೆಯುವ ಸಂಭಾವ್ಯತೆ 56/216, ಸುಮಾರು ಶೇಕಡ 26. ಎರಡು ಗುಣಗಳಲ್ಲೂ ಬರಬೇಕಾದರೆ ಈ ಭಿನ್ನರಾಶಿಯನ್ನು ಅದರಿಂದಲೇ ಗುಣಿಸಬೇಕು. ಆಗ ಉಳಿಯುವುದು ಶೇಕಡ 6.7. ಎರಡರಲ್ಲಿ ಒಂದಾದರೂ ಸಾಕೆಂದರೋ, ಶೇಕಡ 45! ಒಂದು ಅವ್ಯಯ ಬದಲಾದದ್ದರಿಂದ ಬಾಗಿಲು ಆರು ಪಟ್ಟಿಗೂ ಮಿಕ್ಕಿ ಅಗಲವಾಯಿತು. 1978ರ ನಿಯಮಪುಸ್ತಕದಲ್ಲಂತೂ ಪ್ಯಾಲಡಿನ್ ಆಗಲು ಬಲ 12, ಬುದ್ಧಿ 9, ವಿವೇಕ 13, ದೇಹದಾರ್ಢ್ಯ 9, ವರ್ಚಸ್ಸು 17 ಎಂದು ಐದು ಷರತ್ತುಗಳನ್ನು 'ಮತ್ತು'ವಿನಿಂದ ಪೋಣಿಸಿದ್ದರು. ಮೂರೇ ದಾಳಗಳನ್ನು ಗುಣಗಳ ಕ್ರಮದಲ್ಲಿ ಉರುಳಿಸುತ್ತ ಹೋದರೆ ಸಾವಿರಕ್ಕೊಬ್ಬ ಪ್ಯಾಲಡಿನ್ ಹುಟ್ಟಿಯಾನು. ವಾಚಕರು ಕಾಗದ ಪೆನ್ಸಿಲು ಹಿಡಿದು ಇದನ್ನು ತಾಳೆ ನೋಡಬಹುದು.

ಅವ್ಯಯಕ್ಕಿಂತಲೂ ಸೂಕ್ಷ್ಮವಾದ ಪ್ರಶ್ನೆ ಇನ್ನೊಂದಿದೆ: ಈ ನಿಬಂಧನೆಯು ಕಾವಲು ನಿಂತಿರುವುದು ಯಾವ ಬಾಗಿಲಿಗೆ? 2014ರ ಪುಸ್ತಕದಲ್ಲಿ ಬಲ 8, ಚುರುಕು 8 ಇರುವವನೂ ಮೊದಲ ದಿನದಿಂದ ಯೋಧನಾಗಿರಬಹುದು, ಯಾರೂ ತಡೆಯುವುದಿಲ್ಲ. ಆದರೆ ಅವನು ಮಾಂತ್ರಿಕ ವೃತ್ತಿಯನ್ನು ಸೇರಿಸಿಕೊಳ್ಳ ಹೊರಟಾಗ ಹೊಸ ವೃತ್ತಿಯ ಬುದ್ಧಿ 13 ಮಾತ್ರವಲ್ಲ, ಈಗಾಗಲೇ ಇರುವ ಯೋಧವೃತ್ತಿಯ ಷರತ್ತನ್ನೂ ಪೂರೈಸಿರಬೇಕೆಂದು ನಿಯಮ ಹೇಳುತ್ತದೆ. '13' ಎಂಬುದು ಯೋಧನಾಗುವುದಕ್ಕೆ ಬೇಕಾದ ಅರ್ಹತೆಯಲ್ಲ, ವೃತ್ತಿಗಳನ್ನು ಬೆರೆಸುವುದಕ್ಕೆ ಬೇಕಾದ ಅರ್ಹತೆ. ಮೇಜಿನ ಮೇಲಿನ ಜಗಳಗಳಲ್ಲಿ ಬಹುಪಾಲು ಈ ಎರಡು ಬಾಗಿಲುಗಳನ್ನು ಒಂದೇ ಎಂದು ಭಾವಿಸುವುದರಿಂದಲೇ ಏಳುತ್ತವೆಂಬುದು ನನ್ನ ಅಭಿಪ್ರಾಯ.

ಇದೇ ಪ್ರಶ್ನೆ ಆಟದ ಹೊರಗೆ, ನಮ್ಮ ಕಿತ್ತೂರಿನಲ್ಲಿ, ರಕ್ತ ಹರಿಸಿದ್ದುಂಟು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ತಮ್ಮ ಪೂರ್ವಾನುಮತಿ ಇಲ್ಲದ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿಯವರು ಒಪ್ಪಲಿಲ್ಲ. ಅನುಮತಿಯು ದತ್ತಕಕ್ಕೇ ಪೂರ್ವಾರ್ಹತೆಯೋ, ಅಥವಾ ಗಾದಿಗೆ ಮಾತ್ರವೋ? ಹಿಂದೂ ಧರ್ಮಶಾಸ್ತ್ರದ ಪ್ರಕಾರ ಮಗನಾಗಲು ಕಂಪನಿಯ ಮೊಹರು ಬೇಕಿರಲಿಲ್ಲ. ಸಂಸ್ಥಾನಕ್ಕೆ ವಾರಸನಾಗಲು ಬೇಕೆಂಬುದು ಕಂಪನಿಯ ಓದು. ಆ ನಿಯಮವನ್ನು ಓದಿದವರೂ ತೀರ್ಪು ಕೊಟ್ಟವರೂ ಲಾಭ ಪಡೆಯಲಿದ್ದವರೂ ಒಬ್ಬರೇ ಆಗಿದ್ದರೆಂಬುದನ್ನು ಗಮನಿಸಬೇಕು. ರಾಣಿ ಚೆನ್ನಮ್ಮ ಆ ಓದನ್ನು ತಿರಸ್ಕರಿಸಿದಳು. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದ ರಾಣಿ 1829ರಲ್ಲಿ ಅಲ್ಲಿಯೇ ಕಾಲವಾದಳು; ಅವಳ ಸಮಾಧಿ ಆ ಊರಿನಲ್ಲಿದೆ.

ಆ ಊರಿನ ನಾಲ್ವರು ಕಾಲೇಜು ವಿದ್ಯಾರ್ಥಿಗಳು ಈ ಇತಿಹಾಸವನ್ನೇ ಪಾತ್ರಧಾರಣೆಯ ಆಟವಾಗಿ ಆಡಲು ಕುಳಿತರೆನ್ನೋಣ. 'ಸರದಾರನಾಗಲು ಬಲ 13 ಮತ್ತು ವರ್ಚಸ್ಸು 13' ಎಂದು ತಾವೇ ಕಟ್ಟಳೆ ಮಾಡಿಕೊಂಡಿದ್ದಾರೆ. ಕೋಟೆಯ ಬಾಗಿಲಲ್ಲಿ ಒಬ್ಬ ಸರದಾರನಿಗೆ ಪೆಟ್ಟು ಬಿದ್ದು ಬಲ 11ಕ್ಕೆ ಇಳಿಯಿತು. ಅವನು ಈಗಲೂ ಸರದಾರನೇ? ಅಂಕವನ್ನು ಅಳೆಯಬೇಕಾದದ್ದು ಪದವಿ ದೊರೆತ ಗಳಿಗೆಯಲ್ಲಿ ಮಾತ್ರವೋ, ಪ್ರತಿ ಗಳಿಗೆಯಲ್ಲಿಯೋ? 2014ರ ಪುಸ್ತಕವು ವಿಶೇಷ ಕೌಶಲಗಳ ಮಟ್ಟಿಗೆ ಸ್ಪಷ್ಟವಾಗಿ ಉತ್ತರಿಸುತ್ತದೆ: ಪೂರ್ವಾರ್ಹತೆ ತಪ್ಪಿದರೆ ಕೌಶಲವನ್ನು ಬಳಸುವಂತಿಲ್ಲ, ಅರ್ಹತೆ ಮರಳಿದೊಡನೆ ಮತ್ತೆ ಬಳಸಬಹುದು. ಬೆರೆಸಿದ ವೃತ್ತಿಗಳ ವಿಷಯದಲ್ಲಿ ಅಂಥ ಮಾತಿಲ್ಲ. ಅಲ್ಲಿರುವುದು ಪ್ರವೇಶದ ಷರತ್ತಷ್ಟೇ ಎಂದು ಓದುವುದು ನನಗೆ ಸರಿಯೆನಿಸುತ್ತದೆ. ಪಿ.ಯು. ತರಗತಿಯಲ್ಲಿ ವಿಜ್ಞಾನ ಓದಿದವನಿಗೆ ಎಂಜಿನಿಯರಿಂಗ್ ಪ್ರವೇಶ; ಒಳಹೊಕ್ಕ ಮೇಲೆ ಅವನು ರಸಾಯನಶಾಸ್ತ್ರವನ್ನು ಮರೆತರೆ ಕಾಲೇಜಿನಿಂದ ಹೊರಗೆ ಹಾಕುವುದಿಲ್ಲವಷ್ಟೆ!

ಈ ಓದನ್ನು ಹಿಡಿದರೆ ಗಾಯಗೊಂಡವನು ಸರದಾರನಾಗಿಯೇ ಉಳಿಯುತ್ತಾನೆ. ಅವನ ದಂಡು ಅವನ ಮಾತನ್ನು ಕೇಳುತ್ತದೆ. ಬಲ 13ನ್ನು ಬೇಡುವ ಕತ್ತಿವರಸೆಯ ಕೌಶಲ ಅವನಿಗಿದ್ದರೆ ಅದು ಮಾತ್ರ ತಡೆಹಿಡಿಯಲ್ಪಡುತ್ತದೆ. ಗಾಯ ಮಾಯ್ದು ಬಲ 13ಕ್ಕೇರಿದ ದಿನ ಅದೂ ತಾನಾಗಿ ಹಿಂದಿರುಗುತ್ತದೆ. ಹೊಸದಾಗಿ ದಾಳ ಉರುಳಿಸಬೇಕಾಗಿಲ್ಲ.